1930ರ ಮಾಡೆಲ್ ಎ ಫ್ರೇಮಿಗೆ ಎಕ್ಸ್‌ಪ್ಲೋರರ್ ಹಿಂದಿನ ಆಕ್ಸಲ್: ಎಷ್ಟು ಇಂಚು ಕತ್ತರಿಸಲಿ?

ಎ_ಕೂಪೆ (ಮಿಶಿಗನ್)

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ನಮ್ಮ ಮನೆಯ ಗ್ಯಾರೇಜಿನಲ್ಲಿ 1930ರ ಫೋರ್ಡ್ ಮಾಡೆಲ್ ಎ ಕೂಪೆ ಕೂತಿದೆ. ತಂದಾಗಲೇ ಎಂಜಿನ್ ಇರಲಿಲ್ಲ. ಈಗ ಅದಕ್ಕೆ 5.0 ಮಸ್ಟಾಂಗಿನ 302 ವಿ8, ಜೊತೆಗೆ ಅದರದೇ ಟಿ5 ಗೇರ್‌ಬಾಕ್ಸ್ ಕೂರಿಸಿದ್ದೇನೆ. ನಾಲ್ಕೂ ಫೆಂಡರ್ ಹಾಗೇ ಇಡಬೇಕು ಅಂತ ಆಸೆ. ಹಿಂದಿನಿಂದ ನೋಡಿದರೆ ಅಡ್ಡ ಸ್ಪ್ರಿಂಗೇ ಕಾಣಬೇಕು, ಹೊಳೆಯುವ ಕಾಯಿಲ್‌ಓವರ್ (ಶಾಕ್ ಸುತ್ತ ಸುರುಳಿ ಸ್ಪ್ರಿಂಗ್) ಬೇಡ.

ಹಿಂದಿನ ಆಕ್ಸಲ್‌ಗೆ ಜಂಕ್‌ಯಾರ್ಡಿನಿಂದ 1998ರ ಫೋರ್ಡ್ ಎಕ್ಸ್‌ಪ್ಲೋರರ್‌ನ 8.8 (ಒಳಗಿನ ದೊಡ್ಡ ಗೇರು 8.8 ಇಂಚು) ತಂದಿದ್ದೇನೆ. ಡಿಸ್ಕ್ ಬ್ರೇಕ್ ಸಮೇತ. ತಗಡಿನ ಬಿಲ್ಲೆಯಲ್ಲಿ 3ಎಲ್73 ಅಂತ ಇದೆ, ಅಂದರೆ 3.73 ರೇಶಿಯೊ, ಲಿಮಿಟೆಡ್ ಸ್ಲಿಪ್. ಇಲ್ಲಿನ ರಸ್ತೆ ಉಪ್ಪು ತಿಂದು ಒಂದು ಬೋಲ್ಟೂ ಸುಲಭಕ್ಕೆ ಬರಲಿಲ್ಲ. ಇರಲಿ.

ಪ್ರಶ್ನೆ ಒಂದೇ. ಈ ಆಕ್ಸಲ್ 59.5 ಇಂಚು ಅಗಲ ಇದೆ, ಚಕ್ರ ಕೂರುವ ಮುಖದಿಂದ ಮುಖಕ್ಕೆ. ಮಾಡೆಲ್ ಎ ಟ್ರ್ಯಾಕ್ 56 ಇಂಚು. ಎಷ್ಟು ಕತ್ತರಿಸಲಿ?

ಬ್ಯಾಂಜೋ_ಬಿಡೆ (ಪೆನ್ಸಿಲ್ವೇನಿಯಾ)

ಕತ್ತರಿಸುವುದಕ್ಕೆ ಮುಂಚೆ ಒಂದು ಮಾತು ಕೇಳಿ. ಹಳೇ ಬ್ಯಾಂಜೋ, ಅಂದರೆ ಫೋರ್ಡಿನ ದುಂಡು ಹೊಟ್ಟೆಯ ಹಳೇ ಆಕ್ಸಲ್, ಯಾಕೆ ಬಿಡುತ್ತೀರಿ? ಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ಹುಡುಗರು ಒಣಗಿದ ಕೆರೆಯ ಮೇಲೆ ಓಡಿಸಿದ್ದೆಲ್ಲ ಫೋರ್ಡ್ ವಿ8 ಬ್ಯಾಂಜೋ ಮೇಲೇ. ಟೆಡ್ ಹಾಲಿಬ್ರಾಂಡ್ ಕ್ವಿಕ್‌ಚೇಂಜ್ (ಗೇರ್ ರೇಶಿಯೊ ಬೇಗ ಬದಲಾಯಿಸುವ ವ್ಯವಸ್ಥೆ) ಮಾಡಿದ್ದೂ ಅದಕ್ಕೇ. ಹಿಂದಿನಿಂದ ನೋಡಿದರೆ ಆ ಹೊಟ್ಟೆಯ ಅಂದವೇ ಬೇರೆ. ಎಕ್ಸ್‌ಪ್ಲೋರರ್ ಆಕ್ಸಲ್ ನೋಡಿದರೆ ಮಕ್ಕಳನ್ನು ಶಾಲೆಗೆ ಬಿಡುವ ಗಾಡಿ ನೆನಪಾಗುತ್ತದೆ.

ಎ_ಕೂಪೆ

ಅಂದ ನಿಜ ಸಾರ್, ಒಪ್ಪಿದೆ. ಆದರೆ ನನ್ನ ಕಾರಿನ ಹಳೇ ಆಕ್ಸಲ್ 40 ಅಶ್ವಶಕ್ತಿಯ ನಾಲ್ಕು ಸಿಲಿಂಡರ್ ಎಂಜಿನ್‌ಗೆ ಮಾಡಿದ್ದು. ಬ್ರೇಕ್ ಬೇರೆ ರಾಡಿನದು. ಫೋರ್ಡ್ ಹೈಡ್ರಾಲಿಕ್ ಬ್ರೇಕ್ ಕೊಟ್ಟಿದ್ದೇ 1939ಕ್ಕೆ. ಹಬ್ ಬಿಚ್ಚಬೇಕು ಅಂದರೆ ದೊಡ್ಡ ಪುಲ್ಲರ್ ಹಾಕಿ ಎಳೆಯಬೇಕು, ಟೇಪರ್ ಶಾಫ್ಟು, ಕೀಲಿ, ಎಲ್ಲ ತಲೆನೋವು. ಕ್ವಿಕ್‌ಚೇಂಜ್ ಬೆಲೆ ಕೇಳಿದರೆ ನಮ್ಮ ಮನೆಯವರು ನನ್ನನ್ನೇ ಮಾರುತ್ತಾರೆ. ಎಕ್ಸ್‌ಪ್ಲೋರರ್ ಆಕ್ಸಲ್ 150 ಡಾಲರಿಗೆ ಬಂತು.

ಟೇಪು_ಮಾಸ್ತರ (ಟೆಕ್ಸಾಸ್)

ಎಷ್ಟು ಕತ್ತರಿಸಲಿ ಅಂತ ಕೇಳಿದಿರಿ. ನಾನು ತಿರುಗಿ ಕೇಳುತ್ತೇನೆ: ಚಕ್ರ ತಂದಿದ್ದೀರಾ? ಟೈರ್?

ಆಕ್ಸಲ್ ಅಗಲ ಕೊನೆಗೆ ತೀರ್ಮಾನವಾಗುವ ಅಳತೆ. ಮೊದಲು ಫೆಂಡರ್ ಒಳ ಅಂಚಿನಿಂದ ಅಂಚಿಗೆ ಟೇಪು ಹಿಡಿಯಿರಿ. ಆಮೇಲೆ ಟೈರು ಎಷ್ಟು ದಪ್ಪ, ರಿಮ್ಮಿನ ಒಳಂಚಿನಿಂದ ಬೋಲ್ಟ್ ಮುಖಕ್ಕೆ ಎಷ್ಟು ದೂರ, ಅದು ನೋಡಿ. ಇವಿಷ್ಟು ಕೈಯಲ್ಲಿ ಇದ್ದರೆ ಆಕ್ಸಲ್ ಅಗಲ ತಾನೇ ಹೊರಗೆ ಬರುತ್ತದೆ.

ಇನ್ನೊಂದು. ಬೋಲ್ಟ್ ಲೆಕ್ಕ ಗಮನಿಸಿದ್ದೀರಿ ತಾನೇ? ಹಳೇ ಫೋರ್ಡು 1948ರ ತನಕ ಐದು ಬೋಲ್ಟು, 5.5 ಇಂಚು ವೃತ್ತ. ಎಕ್ಸ್‌ಪ್ಲೋರರ್‌ದು ಐದೇ ಬೋಲ್ಟು, ಆದರೆ 4.5 ಇಂಚು. ಮುಂದಿನ ಹಬ್ ಹಳೇದೇ ಇದ್ದರೆ ಮುಂದೊಂದು ಚಕ್ರ, ಹಿಂದೊಂದು ಚಕ್ರ. ಸ್ಟೆಪ್ನಿ ಯಾವ ಕಡೆಯದು ಇಟ್ಟುಕೊಳ್ಳುತ್ತೀರಿ?

ಎ_ಕೂಪೆ

ಸ್ಟೆಪ್ನಿ ಯೋಚನೆಯೇ ಬಂದಿರಲಿಲ್ಲ ಮಾಸ್ತರೇ! ಈಗಲೇ ಅಳೆದು ಬಂದೆ. ಫೆಂಡರ್ ಒಳಗೆ 66 ಇಂಚು ಸಿಗುತ್ತದೆ. ರಿಮ್ 15ಕ್ಕೆ 7, ಒಳಂಚಿನಿಂದ 4 ಇಂಚು, ಅಂದರೆ ಬೋಲ್ಟ್ ಮುಖ ನಡುಮಧ್ಯಕ್ಕೇ ಬರುತ್ತದೆ. ಟೈರ್ 205, ಎತ್ತರ ಸುಮಾರು 28 ಇಂಚು.

ಟೇಪು_ಮಾಸ್ತರ

ಹಾಗಾದರೆ ಲೆಕ್ಕ ಸಲೀಸು. 205 ಮಿಲಿಮೀಟರ್ ಅಂದರೆ 8.1 ಇಂಚು. ಚಕ್ರ ನಡುಮಧ್ಯ ಕೂತಿರುವುದರಿಂದ ಟೈರಿನ ಹೊರಗಿನಿಂದ ಹೊರಗೆ, ಆಕ್ಸಲ್ ಅಗಲಕ್ಕೆ 8.1 ಸೇರಿಸಿದಷ್ಟು. ಕತ್ತರಿಸದೆ ಇಟ್ಟರೆ 67.6. ಫೆಂಡರಿನಿಂದ ಎರಡೂ ಕಡೆ ಮುಕ್ಕಾಲು ಇಂಚು ಹೊರಗೆ ಇಣುಕುತ್ತದೆ. 3 ಇಂಚು ಕಡಿಮೆ ಮಾಡಿದರೆ 64.6. ಪ್ರತಿ ಕಡೆ 0.7 ಇಂಚು ಜಾಗ. ಇಕ್ಕಟ್ಟೇ, ಆದರೆ ಪಾನ್‌ಹಾರ್ಡ್ ರಾಡ್ (ಆಕ್ಸಲ್‌ನಿಂದ ಫ್ರೇಮಿಗೆ ಅಡ್ಡಲಾಗಿ ಹೋಗುವ ಸರಳು) ಹಾಕಿ ಆಕ್ಸಲ್ ಅತ್ತಿತ್ತ ಜಾರದಂತೆ ಹಿಡಿದರೆ ಸಾಕು.

ಈ 3 ಇಂಚು ಸುಮ್ನೆ ಹೇಳಿದ ಅಂಕಿ ಅಲ್ಲ. ಎಕ್ಸ್‌ಪ್ಲೋರರ್ ಆಕ್ಸಲ್‌ನಲ್ಲಿ ಪಿನಿಯನ್ (ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಸಣ್ಣ ಗೇರು) ನಡುವೆ ಇಲ್ಲ, ಬಲಕ್ಕೆ ಸುಮಾರು 2 ಇಂಚು ಸರಿದಿದೆ. ಎಡಗಡೆ ಶಾಫ್ಟು ಉದ್ದ, ಬಲಗಡೆಯದು ಗಿಡ್ಡ. ಎಡಗಡೆಯ ಟ್ಯೂಬನ್ನು ಆ 3 ಇಂಚು ಕತ್ತರಿಸಿ, ಜಂಕ್‌ಯಾರ್ಡಿನಿಂದ ಇನ್ನೊಂದು ಗಿಡ್ಡ ಶಾಫ್ಟ್ ತಂದು ಹಾಕಿದರೆ ಎರಡೂ ಕಡೆ ಒಂದೇ ಅಳತೆ. ಶಾಫ್ಟಿಗೆ ಹೊಸದಾಗಿ ಸ್ಪ್ಲೈನ್ (ತುದಿಯ ಹಲ್ಲು) ಕೊರೆಸುವ ಖರ್ಚಿಲ್ಲ. ಆದರೆ ಇಂಟರ್ನೆಟ್ಟಿನ ಅಂಕಿ ನಂಬಿ ಗರಗಸ ಎತ್ತಬೇಡಿ. ನಿಮ್ಮ ಎರಡು ಶಾಫ್ಟನ್ನೂ ಅಕ್ಕಪಕ್ಕ ಮಲಗಿಸಿ ಅಳೆಯಿರಿ. ಆ ವ್ಯತ್ಯಾಸವೇ ನಿಮ್ಮ ಕತ್ತರಿ.

ಎ_ಕೂಪೆ

ಬಹಳ ಉಪಕಾರ. ಅಗಲದ ಪ್ರಶ್ನೆ ಮುಗಿಯಿತು. ಇನ್ನು ಸ್ಪ್ರಿಂಗ್ ಕೂರುವ ಪರ್ಚ್ ಎರಡು ಟ್ಯೂಬ್ ಮೇಲೆ ವೆಲ್ಡ್ ಮಾಡಿ ಅಡ್ಡ ಸ್ಪ್ರಿಂಗ್ ಸಿಕ್ಕಿಸಿದರೆ ಹಿಂದುಗಡೆ ಕೆಲಸ ಆದಂತೆ ಅಲ್ವಾ?

ಗ್ರೀಸ್_ಕೈ (ಓಹಾಯೊ)

ತಮ್ಮಾ, ತಡಿ. ವೆಲ್ಡಿಂಗ್ ಮೆಷಿನ್ ಆಫ್ ಮಾಡು.

ನೀನು ಕೇಳಿದ್ದು ಅಗಲ. ಕೇಳಬೇಕಾಗಿದ್ದು ಬೇರೆ. ಹಳೇ ಆಕ್ಸಲ್ ಜೊತೆ ಒಂದು ಉದ್ದನೆಯ ಕೊಳವೆ ಬಂದಿತ್ತಲ್ಲ, ಗೇರ್‌ಬಾಕ್ಸ್ ತನಕ, ಅದನ್ನ ಎಲ್ಲಿ ಹಾಕಿದೆ?

ನಾನು ಮಂಡ್ಯ ಕಡೆಯವನು. ನಮ್ಮ ತಾತನ ಗಾಡಿ ನೋಡಿ ಬೆಳೆದವನು. ಎತ್ತಿನ ಗಾಡಿಯಲ್ಲಿ ಮೂಕಿ ಇರುತ್ತದಲ್ಲ, ಇರುಸಿನಿಂದ ನೊಗದ ತನಕ? ಎತ್ತು ಎಳೆದಿದ್ದು ಮೂಕಿ ಮೂಲಕವೇ ಗಾಡಿಗೆ ಮುಟ್ಟುತ್ತದೆ. ಹೆನ್ರಿ ಫೋರ್ಡನ ಟಾರ್ಕ್ ಟ್ಯೂಬ್ ಅದೇ ಮೂಕಿ. ಗಾಡಿಯಲ್ಲಿ ಅದು ಎಳೆಯುತ್ತದೆ, ಇಲ್ಲಿ ತಳ್ಳುತ್ತದೆ, ಅಷ್ಟೇ ವ್ಯತ್ಯಾಸ. ಚಕ್ರ ನೆಲವನ್ನು ಹಿಂದಕ್ಕೆ ಒದ್ದಾಗ ಆಕ್ಸಲ್ ಮುಂದಕ್ಕೆ ನುಗ್ಗುತ್ತದೆ. ಆ ನೂಕು ಟ್ಯೂಬ್ ಮೂಲಕ ಗೇರ್‌ಬಾಕ್ಸಿಗೆ, ಅಲ್ಲಿಂದ ಎಂಜಿನ್ ಮೌಂಟಿಗೆ, ಅಲ್ಲಿಂದ ಫ್ರೇಮಿಗೆ. ಅಡ್ಡ ಸ್ಪ್ರಿಂಗು ಕಾರನ್ನು ತಳ್ಳುವುದೇ ಇಲ್ಲ, ಬರೀ ಹೊರುತ್ತದೆ.

ಅದೇ ಟ್ಯೂಬ್ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಚಕ್ರ ಮುಂದಕ್ಕೆ ತಿರುಗಿದಾಗ ಆಕ್ಸಲ್ ಹೌಸಿಂಗ್ ಹಿಂದಕ್ಕೆ ತಿರುಗಲು ನೋಡುತ್ತದೆ, ಪಿನಿಯನ್ ಮೂಗು ಮೇಲೇಳುತ್ತದೆ. ನಿನ್ನ 302 ಸುಮಾರು 300 ಪೌಂಡ್ ಅಡಿ ಕೊಡುತ್ತದೆ. ಟಿ5 ಮೊದಲ ಗೇರು 3.35, ಹಿಂದೆ 3.73. ಗುಣಿಸಿ ನೋಡು, 3,750 ಪೌಂಡ್ ಅಡಿ. ಅಷ್ಟು ಬಲ ಹೌಸಿಂಗನ್ನು ಹಿಂಡುತ್ತದೆ. ಅದನ್ನು ಹಿಡಿಯುವವರು ಯಾರು? ನಿನ್ನ ಲೆಕ್ಕದಲ್ಲಿ ಎರಡು ಶ್ಯಾಕಲ್ಲು! ಶ್ಯಾಕಲ್ಲು ಅಂದರೆ ಸ್ಪ್ರಿಂಗ್ ತುದಿಯನ್ನು ಪರ್ಚಿಗೆ ಸೇರಿಸುವ ಕೊಂಡಿ, ತೂಗುಯ್ಯಾಲೆ. ಮೊದಲ ಸಲ ಕ್ಲಚ್ ಬಿಟ್ಟಾಗಲೇ ಆಕ್ಸಲ್ ಪಲ್ಟಿ ಹೊಡೆಯುತ್ತದೆ, ಪ್ರೊಪೆಲ್ಲರ್ ಶಾಫ್ಟು ನೆಲಕ್ಕೆ.

ಫೋರ್ಡು 1949ರಲ್ಲಿ ಟಾರ್ಕ್ ಟ್ಯೂಬ್ ಬಿಟ್ಟು ತೆರೆದ ಶಾಫ್ಟಿಗೆ ಬಂದಾಗ ಅಡ್ಡ ಸ್ಪ್ರಿಂಗನ್ನೂ ಬಿಟ್ಟಿತು. ಎರಡು ಉದ್ದ ಲೀಫ್ ಸ್ಪ್ರಿಂಗ್ ಹಾಕಿತು. ಆ ಸ್ಪ್ರಿಂಗುಗಳೇ ಹೊರುತ್ತವೆ, ತಳ್ಳುತ್ತವೆ, ತಿರುಚೂ ತಡೆಯುತ್ತವೆ. ಅದಕ್ಕೇ ಎರಡೂ ಒಟ್ಟಿಗೆ ಹೋದವು. ನೀನು ಒಂದನ್ನು ಬಿಟ್ಟು ಇನ್ನೊಂದನ್ನು ಇಟ್ಟುಕೊಳ್ಳಲು ಹೊರಟಿದ್ದೀಯ. ಆಗಬಾರದು ಅಂತಲ್ಲ. ಆದರೆ ಕೆಲಸ ಬಿಟ್ಟು ಹೋದವನ ಜಾಗಕ್ಕೆ ಇನ್ನೊಬ್ಬನನ್ನು ನೇಮಿಸಬೇಕು.

ಎ_ಕೂಪೆ

ಅಣ್ಣ, ಮೂಕಿ ಅಂದಮೇಲೆ ತಲೆಗೆ ಹೋಯ್ತು. ಟಾರ್ಕ್ ಟ್ಯೂಬ್ ಕೇಳಿದವರಿಗೆ ಕೊಟ್ಟುಬಿಟ್ಟೆ. ಆಕ್ಸಲ್ ತುದಿಗಳಿಂದ ಆ ಟ್ಯೂಬಿಗೆ ಓರೆಯಾಗಿ ಸೇರುತ್ತಿದ್ದ ಹಳೇ ರೇಡಿಯಸ್ ರಾಡ್ ಎರಡು ಇನ್ನೂ ಇವೆ. ಅವನ್ನು ಬಿಡಿಸಿ, ಎರಡೂ ಕಡೆ ಫ್ರೇಮ್ ರೈಲಿಗೆ ಒಂದೊಂದು ಸಿಕ್ಕಿಸಿದರೆ? ಹಳೇ ಫೋಟೋಗಳಲ್ಲಿ ಎಷ್ಟೋ ಕಾರುಗಳು ಹಾಗೇ ಇವೆ.

ಮೂರು_ಡಿಗ್ರಿ (ಸ್ಯಾನ್ ಹೋಸೆ)

ಫೋಟೋದಲ್ಲಿ ಇದ್ದಿದ್ದೆಲ್ಲ ಚೆನ್ನಾಗಿ ಓಡಿತು ಅಂತ ಅಲ್ಲ 🙂

ಆ ರಾಡುಗಳು ಆಕ್ಸಲ್‌ಗೆ ಬಿಗಿಯಾಗಿ ಬೋಲ್ಟ್ ಆಗಿರುತ್ತವೆ. ಮುಂದಿನ ತುದಿ ಎರಡೂ ನಡುವೆ ಸೇರಿದ್ದಾಗ ಒಂದು ಚಕ್ರ ಉಬ್ಬು ಹತ್ತಿದರೆ ಇಡೀ ತ್ರಿಕೋನ ಆ ತುದಿಯ ಮೇಲೆ ಓಲುತ್ತದೆ. ತುದಿಗಳನ್ನು ಬಿಡಿಸಿ ಎಡ ರೈಲಿಗೊಂದು, ಬಲ ರೈಲಿಗೊಂದು ಹಾಕಿದರೆ ಒಂದು ರಾಡು ಆಕ್ಸಲನ್ನು ಹೀಗೆ ತಿರುಗಿಸಲು ನೋಡುತ್ತದೆ, ಇನ್ನೊಂದು ಹಾಗೆ. ಹೌಸಿಂಗ್ ಗಟ್ಟಿ ಕೊಳವೆ, ತಿರುಚಿಕೊಳ್ಳುವುದಿಲ್ಲ. ಆಗ ಬ್ರ್ಯಾಕೆಟ್ಟಿನ ವೆಲ್ಡ್ ಬಿರುಕು ಬಿಡುತ್ತದೆ. ಮುಂದಿನ ಆಕ್ಸಲ್ ಐ-ಬೀಮ್ ಆದರೆ ಸ್ವಲ್ಪ ತಿರುಚಿಕೊಂಡು ಬದುಕುತ್ತದೆ, ಅದಕ್ಕೇ ಮುಂದುಗಡೆ ಈ ಆಟ ನಡೆಯುತ್ತದೆ. ಹಿಂದೆ ನಡೆಯುವುದಿಲ್ಲ.

ಬ್ಯಾಂಜೋ_ಬಿಡೆ

ನನ್ನ ಸ್ನೇಹಿತನ ರೋಡ್‌ಸ್ಟರ್ ಹಾಗೇ ಇದೆ, ಹದಿನೈದು ವರ್ಷದಿಂದ ಏನೂ ಆಗಿಲ್ಲ.

ಮೂರು_ಡಿಗ್ರಿ

ವರ್ಷಕ್ಕೆ ಎಷ್ಟು ಮೈಲಿ ಓಡಿಸುತ್ತಾರೆ ಕೇಳಿ ನೋಡಿ ಸಾರ್.

ಬ್ಯಾಂಜೋ_ಬಿಡೆ

ಸರಿ ಮೇಡಂ, ಶೋಗೆ ಟ್ರೇಲರ್ ಮೇಲೆ ಹೋಗುತ್ತದೆ. ಸೋತೆ.

ಗ್ರೀಸ್_ಕೈ

ಉಳಿದ ದಾರಿಗಳನ್ನು ಬೇಗ ಹೇಳಿಬಿಡುತ್ತೇನೆ. ನಾಲ್ಕು ಸಮಾನಾಂತರ ರಾಡು, ಅಂದರೆ ಫೋರ್-ಬಾರ್: ಚೆನ್ನಾಗಿ ಕೆಲಸ ಮಾಡುತ್ತದೆ, ಪಾನ್‌ಹಾರ್ಡ್ ಬೇಕೇ ಬೇಕು. ಮೇಲಿನ ಎರಡು ರಾಡನ್ನು ಓರೆ ಹಾಕಿದರೆ ಪಾನ್‌ಹಾರ್ಡ್ ಬೇಡ, ಆದರೆ ಕೂಪೆಯ ನೆಲದ ಕೆಳಗೆ ಜಾಗ ಹುಡುಕಬೇಕು. ಲ್ಯಾಡರ್ ಬಾರ್ (ಏಣಿಯಾಕಾರದ ತೋಳು) ಡ್ರ್ಯಾಗ್ ರೇಸಿಗೆ ಸರಿ, ಹಳ್ಳ ದಿಣ್ಣೆಗೆ ಅಲ್ಲ.

ನಾನಾಗಿದ್ದರೆ ಟ್ರಕ್ ಆರ್ಮ್ ಹಾಕುತ್ತಿದ್ದೆ. 1960ರಿಂದ 1972ರ ತನಕ ಶೆವ್ರೊಲೆ ಪಿಕಪ್‌ನಲ್ಲಿ ಬರುತ್ತಿದ್ದ ಉದ್ದ ತೋಳು. ನ್ಯಾಸ್ಕಾರ್‌ನವರು ದಶಕಗಟ್ಟಲೆ ಅದೇ ಬಳಸಿದರು. ಎರಡು ತೋಳು ಆಕ್ಸಲ್‌ಗೆ ಬಿಗಿಯಾಗಿ ಕಚ್ಚಿರುತ್ತವೆ, ಮುಂದೆ ಹೋಗ್ತಾ ಹೋಗ್ತಾ ಹತ್ತಿರವಾಗಿ ಗೇರ್‌ಬಾಕ್ಸ್ ಕೆಳಗೆ ಒಂದು ಅಡ್ಡಪಟ್ಟಿಗೆ ರಬ್ಬರ್ ಬುಷ್ ಮೂಲಕ ಸೇರುತ್ತವೆ. ನಿನ್ನ ಹಳೇ ರೇಡಿಯಸ್ ರಾಡಿನ ಆಕಾರವೇ! ತಳ್ಳುವುದೂ ಅವೇ, ತಿರುಚು ತಡೆಯುವುದೂ ಅವೇ. ಅಡ್ಡ ಸ್ಪ್ರಿಂಗು ಬರೀ ಹೊರಲಿ. ಪಕ್ಕಕ್ಕೆ ಜಾರದಂತೆ ಒಂದು ಪಾನ್‌ಹಾರ್ಡ್, ಆದಷ್ಟು ಉದ್ದ, ಕಾರು ನಿಂತಾಗ ನೆಲಕ್ಕೆ ಸಮವಾಗಿ.

ಮುಂದಿನ ಬ್ರ್ಯಾಕೆಟ್ಟಿನಲ್ಲಿ ಒಂದೇ ತೂತು ಹೊಡೆಯಬೇಡ. ಮೇಲೆ ಕೆಳಗೆ ಮೂರು ನಾಲ್ಕು ತೂತು ಬಿಡು. ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

ಪೀಣ್ಯ_ಲೇತ್ (ಬೆಂಗಳೂರು)

ನಮಸ್ತೆ. ಹಾಟ್ ರಾಡ್, ಅಂದರೆ ಹೀಗೆ ಹಳೇ ಕಾರಿಗೆ ದೊಡ್ಡ ಎಂಜಿನ್ ಹಾಕುವ ಕೆಲಸ, ನನಗೆ ಗೊತ್ತಿಲ್ಲ, ಫೋಟೋ ನೋಡಿ ಖುಷಿ ಪಡುವವನು. ಆದರೆ ಟ್ಯೂಬ್ ಕತ್ತರಿಸಿ ಜೋಡಿಸುವುದು ನನ್ನ ಅನ್ನ. ನಾಲ್ಕು ಮಾತು.

ಟ್ಯೂಬಿನ ತುದಿ ಕತ್ತರಿಸಬೇಡಿ. ಅಲ್ಲಿ ಬೇರಿಂಗ್ ಕೂರುವ ಜಾಗ ಇದೆ. ನಡುವಿನಿಂದ ತುಂಡು ತೆಗೆದು ಎರಡು ತುದಿ ಕೂಡಿಸಿ. ಗ್ರೈಂಡರ್ ಕಟ್ಟರ್‌ನಲ್ಲಿ ಕಣ್ಣಳತೆಗೆ ಕೊಯ್ದರೆ ಮುಖ ಓರೆ ಬರುತ್ತದೆ, ಬ್ಯಾಂಡ್ ಸಾ ಇದ್ದವರ ಹತ್ತಿರ ಹೋಗಿ. ಅಂಚಿಗೆ ವಿ ಕೊಡಿ, ಬೆಸುಗೆ ಬೇರಿನ ತನಕ ಇಳಿಯಲಿ. ಕತ್ತರಿಸುವ ಮೊದಲೇ ಟ್ಯೂಬಿನ ಉದ್ದಕ್ಕೆ ಒಂದು ಗೆರೆ ಗೀಚಿಡಿ. ಇಲ್ಲದಿದ್ದರೆ ಜೋಡಿಸುವಾಗ ಬ್ರೇಕ್ ಫ್ಲ್ಯಾಂಜ್ ಎತ್ತ ಮುಖ ಮಾಡಿತ್ತು ಅಂತ ತಲೆ ಕೆರೆಯಬೇಕಾಗುತ್ತದೆ.

ಮುಖ್ಯವಾದದ್ದು ನೇರ. ವೆಲ್ಡ್ ಆರಿದಾಗ ಕುಗ್ಗುತ್ತದೆ, ಕುಗ್ಗಿದ ಕಡೆಗೆ ಟ್ಯೂಬ್ ಬಗ್ಗುತ್ತದೆ. ನೀವು ಪರ್ಚ್ ಎರಡನ್ನು ಟ್ಯೂಬಿನ ಮೇಲೆ ಸುಟ್ಟರೆ ಎರಡೂ ತುದಿ ಮೇಲಕ್ಕೆ ಎದ್ದೇಳುತ್ತವೆ. ಕಣ್ಣಿಗೆ ಕಾಣುವುದಿಲ್ಲ. ಬೇರಿಂಗಿಗೆ ಕಾಣುತ್ತದೆ. ಅದಕ್ಕೆ ನಾವು ಏನು ಮಾಡುತ್ತೇವೆ ಅಂದರೆ, ಡಿಫರೆನ್ಷಿಯಲ್ ಬೇರಿಂಗ್ ಕೂರುವ ಜಾಗಕ್ಕೆ ಎರಡು ಬಿಲ್ಲೆ, ಆಕ್ಸಲ್ ಬೇರಿಂಗ್ ಜಾಗಕ್ಕೆ ಎರಡು ಬಿಲ್ಲೆ ಲೇತ್‌ನಲ್ಲಿ ತಿರುಗಿಸುತ್ತೇವೆ. ನಾಲ್ಕರ ನಡುವಿನ ತೂತಿಗೂ ಒಂದೇ ದಪ್ಪ ಸರಳು ತೂರಿಸುತ್ತೇವೆ. ಸರಳು ಒಳಗೇ ಇರಬೇಕು, ವೆಲ್ಡ್ ಆಗಬೇಕು. ಒಂದು ಇಂಚು ಸುಟ್ಟು ಎದುರುಗಡೆಗೆ ಹೋಗಿ, ಆಮೇಲೆ ಪಕ್ಕಕ್ಕೆ. ಅವಸರ ಬೇಡ, ಕಾಫಿ ಕುಡಿದು ಬನ್ನಿ. ನೀರು ಹಾಕಿ ತಣಿಸಬೇಡಿ. ಪೂರ್ತಿ ಆರಿದ ಮೇಲೆ ಸರಳು ಕೈಯಲ್ಲಿ ತಿರುಗಿದರೆ ಗೆದ್ದಿರಿ. ಸುತ್ತಿಗೆ ಬೇಕಾದರೆ ಬಗ್ಗಿದೆ ಅಂತ ಅರ್ಥ.

ಶಾಫ್ಟು, ಸೀಲು, ಕ್ರೌನ್ ಪಿನಿಯನ್ ಎಲ್ಲ ಹೊರಗೆ ತೆಗೆದು ವೆಲ್ಡ್ ಮಾಡಿ ಅಂತ ಹೇಳುವ ಅಗತ್ಯ ಇಲ್ಲ ಅಂದುಕೊಂಡಿದ್ದೇನೆ.

ಎ_ಕೂಪೆ

ಹೇಳುವ ಅಗತ್ಯ ಇತ್ತು ಸಾರ್ 😅

ಸುಮ್ನೆ_ಓದುಗ (ಹುಬ್ಬಳ್ಳಿ)

ಎಲ್ಲ ಓದ್ತಾ ಇದ್ದೇನೆ. ನಮ್ಮಲ್ಲೂ ಹಳೇ ಫೋರ್ಡು, ಡಾಡ್ಜು ಅಲ್ಲಲ್ಲಿ ಇವೆ. ಇಂಥ ಕೆಲಸ ಇಲ್ಲಿ ಮಾಡಬಹುದಾ?

ಪೀಣ್ಯ_ಲೇತ್

ಕೈಗೆ ಆಗುತ್ತದೆ, ಕಾಗದಕ್ಕೆ ಆಗಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಯಾರಕರು ಕೊಟ್ಟ ಮೂಲ ವಿವರ ಬದಲಾಯಿಸುವಂತಿಲ್ಲ ಅಂತ ಹೇಳಿದೆ. 2021ರ ವಿಂಟೇಜ್ ನೋಂದಣಿ ನಿಯಮವೂ 50 ವರ್ಷ ದಾಟಿದ ಗಾಡಿ ಮೂಲ ರೂಪದಲ್ಲೇ ಇರಬೇಕು ಅನ್ನುತ್ತದೆ. ಆ ಹಳೇ ಡಾಡ್ಜನ್ನು ಹಾಗೇ ಉಳಿಸಿ, ಅದೇ ಒಳ್ಳೇದು.

ಟೇಪು_ಮಾಸ್ತರ

ಮತ್ತೆ ಆಕ್ಸಲ್‌ಗೆ ಬರೋಣ. 8.8ರಲ್ಲಿ ಎರಡು ಸಂಗತಿ ನೋಡಿಕೊಳ್ಳಿ. ಒಂದು, ಟ್ಯೂಬ್ ಎರಡೂ ನಡುವಿನ ಎರಕದ ಒಳಗೆ ಒತ್ತಿ ಕೂರಿಸಿದ್ದು, ಪ್ಲಗ್ ವೆಲ್ಡ್ ಮಾತ್ರ ಇದೆ. ಜೋರಾಗಿ ಓಡಿಸಿದರೆ ಟ್ಯೂಬ್ ಒಳಗೇ ತಿರುಗಿದ್ದು ಉಂಟು. ನಿಮ್ಮ ತೋಳುಗಳು ಟ್ಯೂಬಿಗೇ ಕಚ್ಚಿರುವುದರಿಂದ ಪೂರ್ತಿ ತಿರುಚು ಆ ಜಾಗದ ಮೇಲೇ ಬೀಳುತ್ತದೆ. ಸುತ್ತ ವೆಲ್ಡ್ ಮಾಡಿಸಿ, ಎರಕವನ್ನು ಮೊದಲು ಬಿಸಿ ಮಾಡಿ, ತಿಳಿದವರ ಕೈಯಲ್ಲಿ.

ಎರಡು, ಸಿ-ಕ್ಲಿಪ್. ಶಾಫ್ಟನ್ನು ಒಳತುದಿಯಲ್ಲಿ ಹಿಡಿದಿರುವುದು ಸಣ್ಣ ಒಂದು ಕ್ಲಿಪ್. ಶಾಫ್ಟ್ ಮುರಿದರೆ ಚಕ್ರ ಸಮೇತ ಹೊರಗೆ ಹೊರಡಬಹುದು.

ಬ್ಯಾಂಜೋ_ಬಿಡೆ

9 ಇಂಚಿನ ಆಕ್ಸಲ್ ತಗೊಂಡಿದ್ದರೆ ಈ ಸಿ-ಕ್ಲಿಪ್ ಗೋಳೇ ಇರಲಿಲ್ಲ. 1957ರಿಂದ 1986ರ ತನಕ ಫೋರ್ಡು ಸುಮ್ನೆ ಅದನ್ನೇ ಮಾಡಿತಾ? ಅಥವಾ ಹಳೇ ಫೋರ್ಡ್ ಮ್ಯಾವೆರಿಕ್ ಕಾರಿನ 8 ಇಂಚಿನದು. ಅಗಲ ಹೆಚ್ಚುಕಡಿಮೆ 56.5 ಇಂಚು, ಕತ್ತರಿಸದೆ ಹಾಗೇ ಸೇರುತ್ತಿತ್ತು.

ಟೇಪು_ಮಾಸ್ತರ

ಒಪ್ಪಿದೆ, ಮ್ಯಾವೆರಿಕ್ ಆಕ್ಸಲ್ ಸಿಕ್ಕಿದರೆ ಮಾಡೆಲ್ ಎ ಫ್ರೇಮಿಗೆ ಅದಕ್ಕಿಂತ ಸಲೀಸಿಲ್ಲ. ಸಿಗಬೇಕಲ್ಲ? ಸಿಕ್ಕಿದರೂ ಡ್ರಮ್ ಬ್ರೇಕು, 28 ಸ್ಪ್ಲೈನ್. ಎಕ್ಸ್‌ಪ್ಲೋರರ್‌ದು 31 ಸ್ಪ್ಲೈನ್, 1995ರಿಂದ ಡಿಸ್ಕು. ಕೂಪೆಗೆ ಸಣ್ಣ ಟೈರು, ಶಾಫ್ಟ್ ಮುರಿಯುವ ಮೊದಲು ಟೈರ್ ಜಾರುತ್ತದೆ. ನಾನಾದರೆ ಸಿ-ಕ್ಲಿಪ್ ಹಾಗೇ ಬಿಡುತ್ತೇನೆ.

ಮೂರು_ಡಿಗ್ರಿ

ಪರ್ಚ್ ಮತ್ತು ತೋಳಿನ ಬ್ರ್ಯಾಕೆಟ್ ಪೂರ್ತಿ ಸುಡುವ ಮೊದಲು ಪಿನಿಯನ್ ಕೋನ ನೋಡಿಕೊಳ್ಳಿ. ನನ್ನ ಹೆಸರೇ ಅದು, ಹೇಳದೇ ಹೋದರೆ ಹೇಗೆ.

ಗೇರ್‌ಬಾಕ್ಸಿನ ಬಾಲ 3 ಡಿಗ್ರಿ ಕೆಳಗೆ ನೋಡುತ್ತಿದ್ದರೆ ಪಿನಿಯನ್ ಮೂಗು 3 ಡಿಗ್ರಿ ಮೇಲೆ ನೋಡಬೇಕು. ಎರಡೂ ಗೆರೆ ಸಮಾನಾಂತರ. ಒಂದೇ ಯುಜೆ ಕ್ರಾಸ್ (ಶಾಫ್ಟಿನ ತುದಿಯ ಬಾಗುವ ಕೀಲು) ಕೋನದಲ್ಲಿ ತಿರುಗಿದಾಗ ಶಾಫ್ಟು ಪ್ರತಿ ಸುತ್ತಿಗೂ ಎರಡು ಸಲ ವೇಗ ಹೆಚ್ಚಿಸಿ ಎರಡು ಸಲ ಇಳಿಸುತ್ತದೆ. ಇನ್ನೊಂದು ಕ್ರಾಸ್ ಅಷ್ಟೇ ಕೋನದಲ್ಲಿ ಇದ್ದರೆ ಮೊದಲಿನದರ ಕುಂಟನ್ನು ಇದು ಸರಿ ಮಾಡುತ್ತದೆ. ಕೋನ ಬೇರೆ ಬೇರೆ ಆದರೆ ನಡುಕ. ಹಾಗಂತ ಪೂರ್ತಿ ನೇರ ಇಡುವುದೂ ತಪ್ಪು. ಕ್ರಾಸಿನ ಒಳಗಿನ ಸೂಜಿ ಬೇರಿಂಗ್ ಉರುಳಬೇಕಾದರೆ ಅರ್ಧ ಡಿಗ್ರಿಯಾದರೂ ಬೇಕು.

ಫ್ರೇಮು ಮುಂದಕ್ಕೆ ಬಾಗಿ ನಿಂತಿದೆ, ಅದನ್ನ ಕಳೆಯಬೇಕಾ ಅಂತ ಕೆಲವರು ಗಾಬರಿಯಾಗುತ್ತಾರೆ. ಬೇಡ. ಎರಡು ಕೋನ ಒಂದಕ್ಕೊಂದು ಹೊಂದಿದರೆ ಸಾಕು, ಭೂಮಿಗೆ ಹೊಂದಬೇಕಿಲ್ಲ. ಆದರೆ ಒಂದು ಷರತ್ತು: ಕಾರಿನ ಪೂರ್ತಿ ತೂಕ ಸ್ಪ್ರಿಂಗ್ ಮೇಲೆ ಇರಬೇಕು. ಸ್ಟ್ಯಾಂಡ್ ಮೇಲೆ ಬರೀ ಫ್ರೇಮ್ ಇಟ್ಟು ಅಳೆದರೆ ಅದು ಬೇರೆ ಕಾರಿನ ಅಳತೆ.

ಗ್ರೀಸ್_ಕೈ

ಸ್ಪ್ರಿಂಗ್ ಬಿಚ್ಚುವಾಗ ಹುಷಾರು. ಮಾಡೆಲ್ ಎ ಹಿಂದಿನ ಸ್ಪ್ರಿಂಗು ಬಾಗಿಸಿ ಸಿಕ್ಕಿಸಿದ್ದು, ಬಿಲ್ಲಿನ ಹಾಗೆ ಬಿಗಿದುಕೊಂಡಿರುತ್ತದೆ. ಚೈನ್ ಕಟ್ಟಿ ಜ್ಯಾಕ್ ಕೊಡುವ ಜಾಣತನ ಬೇಡ, ಸ್ಪ್ರೆಡರ್ ಬಾಡಿಗೆಗೆ ತಾ. ನನ್ನ ಎಡಗೈ ಕಿರುಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಹಳೇ ಆಕ್ಸಲ್ ಇನ್ನೂ ಇದ್ದರೆ ಪರ್ಚ್‌ನಿಂದ ಪರ್ಚ್‌ಗೆ ಎಷ್ಟು ಅಂತ ಅಳೆದು ಬರೆದಿಡು. ತೂಕ ಬಿದ್ದಾಗ ಶ್ಯಾಕಲ್ ಸುಮಾರು 45 ಡಿಗ್ರಿ ಓರೆಗೆ ನಿಲ್ಲಬೇಕು.

ಎ_ಕೂಪೆ (ಏಳು ವಾರದ ನಂತರ)

ಇಷ್ಟು ದಿನ ಸುದ್ದಿ ಇಲ್ಲದ್ದಕ್ಕೆ ಕ್ಷಮೆ ಇರಲಿ. ಜನವರಿಯಲ್ಲಿ ಗ್ಯಾರೇಜಿನೊಳಗೇ ಉಸಿರು ಹೊಗೆಯಾಗುತ್ತಿತ್ತು. ಎರಕದ ವೆಲ್ಡು ಆ ಚಳಿಯಲ್ಲಿ ಬೇಡ ಅಂತ ಊರಿನ ಒಂದು ಸಣ್ಣ ಶಾಪಿಗೆ ಕೊಟ್ಟೆ.

ಎರಡು ಶಾಫ್ಟು ಅಕ್ಕಪಕ್ಕ ಇಟ್ಟು ಅಳೆದೆ, ವ್ಯತ್ಯಾಸ 3 ಇಂಚಿಗೆ ಕೂದಲೆಳೆಯಷ್ಟು ಕಡಿಮೆ ಬಂತು. ಅಷ್ಟೇ ಕತ್ತರಿಸಿದೆ. ಪೀಣ್ಯದ ಸಾರ್ ಹೇಳಿದ ಸರಳು ಇಲ್ಲಿ ಅದೇ ಶಾಪಿನವರ ಹತ್ತಿರವೇ ಇತ್ತು. ಮೊದಲ ಸಲ ವೆಲ್ಡ್ ಆರಿದಾಗ ಸರಳು ಬಿಗಿಯಾಯಿತು. ಟ್ಯೂಬಿನ ಎದುರು ಬದಿಯನ್ನು ಕೆಂಪಗೆ ಕಾಯಿಸಿ, ಆರಲು ಬಿಟ್ಟು, ಮತ್ತೆ ನೇರಕ್ಕೆ ತಂದರು. ಆ ಒಂದು ಗಂಟೆ ನಾನು ಏನೂ ಮಾತಾಡಲಿಲ್ಲ.

ತೋಳುಗಳನ್ನು ಹೊಸದಾಗಿ ಮಾಡಿಸಿದೆ, ಬುಷ್‌ನಿಂದ ಆಕ್ಸಲ್ ನಡುವಿಗೆ 48 ಇಂಚು. ಗೇರ್‌ಬಾಕ್ಸ್ ಹಿಂದೆ ಅಡ್ಡಪಟ್ಟಿ, ಅದರಲ್ಲಿ ಅಕ್ಕಪಕ್ಕ ಎರಡು ರಬ್ಬರ್ ಬುಷ್. ಗ್ರೀಸ್ ಅಣ್ಣ ಹೇಳಿದ ಹಾಗೆ ಬ್ರ್ಯಾಕೆಟ್ಟಿಗೆ ನಾಲ್ಕು ತೂತು, ಮುಕ್ಕಾಲು ಇಂಚಿಗಿಂತ ಸ್ವಲ್ಪ ಕಡಿಮೆ ಅಂತರ, 5/8. ಯಾಕೆ ಅಂತ ಇನ್ನೂ ಗೊತ್ತಾಗಿಲ್ಲ. ಫ್ರೇಮಿನ ತೆರೆದ ರೈಲಿಗೆ ಒಳಗಿನಿಂದ ಪ್ಲೇಟ್ ಹಾಕಿ ಡಬ್ಬಿ ಮಾಡಿದ್ದೇನೆ. ಡಿಫರೆನ್ಷಿಯಲ್ ತಲೆಗೂ ಸ್ಪ್ರಿಂಗಿಗೂ ನಡುವೆ 3 ಇಂಚು ಉಳಿದಿದೆ, ಮೇಲೆ ರಬ್ಬರ್ ತುಂಡು ಕೂರಿಸಿದೆ. ಕೋನ: ಗೇರ್‌ಬಾಕ್ಸ್ 3 ಕೆಳಗೆ, ಪಿನಿಯನ್ 3 ಮೇಲೆ. ಮೇಡಂ, ನೋಡಿ!

ಮೂರು_ಡಿಗ್ರಿ

ನೋಡಿದೆ, ಖುಷಿಯಾಯಿತು. ಬಾಡಿ ಮೇಲಿತ್ತಾ ಅಳೆಯುವಾಗ?

ಎ_ಕೂಪೆ

ಬಾಡಿ ಇತ್ತು, ಎಂಜಿನ್ ಇತ್ತು. ಸೀಟು ಮಾತ್ರ ಇರಲಿಲ್ಲ.

ಟೇಪು_ಮಾಸ್ತರ

ಬ್ರೇಕ್ ಮಾಸ್ಟರ್ ಸಿಲಿಂಡರ್ ಎಲ್ಲಿ ಇಟ್ಟಿರಿ? ನೆಲದ ಕೆಳಗೆ, ಕ್ಯಾಲಿಪರಿಗಿಂತ ತಗ್ಗಿನಲ್ಲಿ ಇದ್ದರೆ ಡಿಸ್ಕ್ ಲೈನಿಗೆ 2 ಪಿಎಸ್‌ಐ ರೆಸಿಡ್ಯುವಲ್ ವಾಲ್ವ್ ಹಾಕಿ. ಇಲ್ಲದಿದ್ದರೆ ಆಯಿಲ್ ಹಿಂದಕ್ಕೆ ಇಳಿದು ಮೊದಲ ಸಲ ತುಳಿದಾಗ ಪೆಡಲ್ ನೆಲ ಮುಟ್ಟುತ್ತದೆ. ಡ್ರಮ್ಮಿನ 10 ಪಿಎಸ್‌ಐ ವಾಲ್ವ್ ಅಪ್ಪಿತಪ್ಪಿ ಹಾಕಬೇಡಿ, ಡಿಸ್ಕ್ ಒರೆಸುತ್ತಲೇ ಇರುತ್ತದೆ.

ಎ_ಕೂಪೆ (ಮೇ ತಿಂಗಳು)

ಓಡಿತು! ಮೊದಲ ದಿನ ಬರೀ ಬೀದಿ ತುದಿಯ ತನಕ. ಎರಡನೇ ವಾರ ಹೆದ್ದಾರಿ. ಐದನೇ ಗೇರಿನಲ್ಲಿ 65 ಮೈಲಿಗೆ ಎಂಜಿನ್ 2,000 ಸುತ್ತಿನ ಹತ್ತಿರ, ಹಾಯಾಗಿ.

ಆದರೆ 45ರಿಂದ 55ರ ನಡುವೆ ಒಂದು ನಡುಕ. ಸೀಟಿನ ಕೆಳಗೆ ಜೇನುಗೂಡು ಇಟ್ಟ ಹಾಗೆ. ಶಾಫ್ಟ್ ಬ್ಯಾಲೆನ್ಸ್ ಮಾಡಿಸಿದೆ, ಹೋಗಲಿಲ್ಲ. ಚಕ್ರ ಬದಲಾಯಿಸಿದೆ, ಹೋಗಲಿಲ್ಲ.

ಮೂರು_ಡಿಗ್ರಿ

ಪೆಟ್ರೋಲ್ ಟ್ಯಾಂಕ್ ಎಲ್ಲಿದೆ?

ಎ_ಕೂಪೆ

ಮಾಡೆಲ್ ಎ ಟ್ಯಾಂಕು ವಿಂಡ್‌ಶೀಲ್ಡ್ ಮುಂದೆ, ನಮ್ಮ ಮೊಣಕಾಲಿನ ಮೇಲೇ ಇರುತ್ತದಲ್ಲ. ಅದು ಹೆದರಿಕೆ ಅಂತ ಡಿಕ್ಕಿಗೆ ಬದಲಾಯಿಸಿದೆ. ಕೋನ ಅಳೆದಾದ ಮೇಲೆ... ಓಹೋ.

ಗ್ರೀಸ್_ಕೈ

ಹಾಂ. ಟ್ಯಾಂಕು, ಪೆಟ್ರೋಲು, ಸೀಟು, ನೀನು, ನಿಮ್ಮ ಮನೆಯವರು. ಎಲ್ಲ ಹಿಂದುಗಡೆ. ಕಾರು ಎಷ್ಟು ಕೂತಿದೆ ಅಳಿ.

ಎ_ಕೂಪೆ

ಅಳೆದೆ. ಒಂದೂಕಾಲು ಇಂಚು ಇಳಿದಿದೆ.

ಮೂರು_ಡಿಗ್ರಿ

48 ಇಂಚಿನ ತೋಳಿಗೆ ಒಂದೂಕಾಲು ಇಂಚು ಅಂದರೆ ಒಂದೂವರೆ ಡಿಗ್ರಿ. ಆಕ್ಸಲ್ ಫ್ರೇಮಿನ ಹತ್ತಿರ ಬಂದಿದೆ, ತೋಳಿನ ಮುಂದಿನ ತುದಿ ಅಲ್ಲೇ ಇದೆ, ಹಾಗಾಗಿ ಮೂಗು ಬಗ್ಗಿದೆ. ಗೇರ್‌ಬಾಕ್ಸ್ 3ರಲ್ಲೇ ಇದೆ, ಪಿನಿಯನ್ 1.5ಕ್ಕೆ ಬಂದಿದೆ. ಮುಂದಿನ ಬುಷ್ ಒಂದೂಕಾಲು ಇಂಚು ಎತ್ತಿದರೆ ಸರಿಹೋಗುತ್ತದೆ. ನಿಮ್ಮ ತೂತುಗಳ ಅಂತರ 5/8 ಅಲ್ವಾ?

ಎ_ಕೂಪೆ

ಎರಡು ತೂತು ಮೇಲೆ! ಅಣ್ಣ, ಈಗ ಗೊತ್ತಾಯಿತು.

ಎ_ಕೂಪೆ (ಮರುದಿನ)

ಟ್ಯಾಂಕ್ ತುಂಬಿಸಿ, ನಮ್ಮ ಮನೆಯವರನ್ನು ಸೀಟಿನಲ್ಲಿ ಕೂರಿಸಿ ಅಳೆದೆ. ಅರ್ಧ ಗಂಟೆ ಫೋನ್ ನೋಡುತ್ತಾ ಕೂತಿದ್ದರು, ಪಾಪ. ಬೋಲ್ಟ್ ಎರಡು ತೂತು ಮೇಲಕ್ಕೆ ಹೋಯಿತು. 3 ಮತ್ತು 3. ನಡುಕ ಪೂರ್ತಿ ಹೋಯಿತು.

ಈಗ ಒಂದೇ ಬಾಕಿ. ಎಕ್ಸ್‌ಪ್ಲೋರರ್ ಹ್ಯಾಂಡ್‌ಬ್ರೇಕ್ ಕೇಬಲ್ ಎರಡು ಅಡಿ ಉದ್ದ ಜಾಸ್ತಿ ಇದೆ, ಸದ್ಯಕ್ಕೆ ಫ್ರೇಮಿಗೆ ಸುತ್ತಿ ಕಟ್ಟಿದ್ದೇನೆ. ಗಿಡ್ಡ ಮಾಡಿಕೊಡುವವರು ಡೆಟ್ರಾಯಿಟ್ ಸುತ್ತಮುತ್ತ ಯಾರಾದರೂ ಗೊತ್ತಾ?

ಬ್ಯಾಂಜೋ_ಬಿಡೆ

ಕೇಬಲ್ ಗೊತ್ತಿಲ್ಲ. ಹಿಂದಿನಿಂದ ಒಂದು ಫೋಟೋ ಹಾಕಿ, ಸ್ಪ್ರಿಂಗ್ ಕಾಣುವ ಹಾಗೆ.